ಮರದ ಬೊಡ್ಡೆಗೆ ವಿಷವೇಕೆ?

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ತೆಂಗಿನ ತೋಟ, ರಾಗಿ ಹೊಲ, ಬದುವಿನ ಮರಗಳು ಒಂದರ ಮಗ್ಗುಲಲ್ಲಿ ಒಂದಿರುತ್ತವೆ. ಒಣಗಿದ ತೆಂಗನ್ನೋ ಬದುವಿನ ನೀಲಗಿರಿಯನ್ನೋ ಕಡಿಸಿದಾಗ ದಿಮ್ಮಿ ಲಾರಿ ಹತ್ತುತ್ತದೆ, ರೆಂಬೆ ಒಲೆಗಾಗುತ್ತದೆ, ಬೊಡ್ಡೆ ಮಾತ್ರ ನೆಲದಲ್ಲೇ ಉಳಿಯುತ್ತದೆ. ಉಳುವಾಗ ನೇಗಿಲಿಗೆ, ಟಿಲ್ಲರಿಗೆ ಸಿಕ್ಕಿ ಕಾಟ ಕೊಡುವ ಈ ಬೊಡ್ಡೆಯನ್ನು ಕಳೆಯಲು ಕೇಳಿಬರುವ ಉಪಾಯಗಳು ಒಂದೆರಡಲ್ಲ: ಕಳೆನಾಶಕ ಬಳಿ, ಡೀಸೆಲ್ ಸುರಿ, ತೂತು ಕೊರೆದು ಮೈಲುತುತ್ತ ತುಂಬು, ಕಲ್ಲುಪ್ಪು ಹಾಕು. ಒಂದಡಿಗಿಂತ ಕಡಿಮೆ ದಪ್ಪದ ಬೊಡ್ಡೆಗೆ ಇವುಗಳಲ್ಲಿ ಒಂದೂ ಬೇಕಾಗಿಲ್ಲ. ಅಷ್ಟೇ ಅಲ್ಲ, ಇವುಗಳಲ್ಲಿ ಹೆಚ್ಚಿನವು ಬೊಡ್ಡೆ ಮಣ್ಣಾಗುವುದನ್ನೇ ತಡೆಯುತ್ತವೆ.

ಮರ ತಾನಾಗಿ ಕೊಳೆಯುವುದಿಲ್ಲ, ಅದನ್ನು ಜೀವಿಗಳು ತಿನ್ನಬೇಕು. ಆ ಕೆಲಸದಲ್ಲಿ ಮುಂದಿರುವುದು ಶಿಲೀಂಧ್ರಗಳು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿಯಾಗಿ ಅರಗಿಸಿಕೊಳ್ಳುವ ಶಕ್ತಿ ಅವುಗಳಲ್ಲೇ ಕೆಲವಕ್ಕೆ ಇದೆ. ಬಯಲುಸೀಮೆಯಲ್ಲಿ ಅವುಗಳ ಜೊತೆಗೆ ಗೆದ್ದಲೂ ದುಡಿಯುತ್ತದೆ. ಶಿಲೀಂಧ್ರಗಳು ಕೇಳುವುದು ತೇವ, ಗಾಳಿ ಮತ್ತು ಒಂದಿಷ್ಟು ಸಾರಜನಕ. ಮರದಲ್ಲಿ ಇಂಗಾಲ ಸಾರಜನಕದ ನೂರಾರು ಪಟ್ಟು ಇರುವುದರಿಂದ ಅವುಗಳ ಕೆಲಸ ನಿಧಾನವಾಗುತ್ತದೆ. ಈಗ ಮೈಲುತುತ್ತದ ವಿಚಾರ ನೋಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದಲ್ಲಿ ಅದನ್ನು ಬೆರೆಸಿ ಹೊಡೆಯುವುದು ಶಿಲೀಂಧ್ರವನ್ನು ಕೊಲ್ಲುವುದಕ್ಕೇ. ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಿರಲಿ ಎಂದು ಸುಟ್ಟ ಆಯಿಲ್ ಬಳಿಯುವವರು ಅದೇ ಬಗೆಯ ಎಣ್ಣೆಯಾದ ಡೀಸೆಲನ್ನು ಬೊಡ್ಡೆ ಲಡ್ಡಾಗಲಿ ಎಂದು ಸುರಿದರೆ ಆಗುವುದೇನು? ಉಪ್ಪು ಉಪ್ಪಿನಕಾಯಿಯನ್ನು ಕಾಯುವಂತೆ ಬೊಡ್ಡೆಯನ್ನೂ ಕಾಯುತ್ತದೆ. ಮಣ್ಣಿಗಿಳಿದ ಸೋಡಿಯಂ ಮಾತ್ರ ಮಣ್ಣಿನ ಹರಳುಗಳನ್ನು ಒಡೆದು ನೆಲವನ್ನು ಬಿಗಿ ಮಾಡುತ್ತದೆ.

ಕಳೆನಾಶಕದ ವಾದ ಬೇರೆ. ಬೊಡ್ಡೆಯನ್ನು ಕೊಳೆಸಲು ಅಲ್ಲ, ಮತ್ತೆ ಚಿಗುರದಂತೆ ಮಾಡಲು ಅದು ಬೇಕು ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಹೊಸದಾಗಿ ಕಡಿದ ಬೊಡ್ಡೆಗೆ ಬಳಿದ ಗ್ಲೈಫೋಸೇಟ್ ಬೇರಿಗಿಳಿದು ಬೇರನ್ನು ಕೊಲ್ಲುತ್ತದೆ, ನಿಜ. ಆದರೆ ಒಂದೇ ಜಾತಿಯ ಮರಗಳು ಒತ್ತೊತ್ತಾಗಿದ್ದಾಗ ನೆಲದೊಳಗೆ ಅವುಗಳ ಬೇರುಗಳು ಬೆಸೆದುಕೊಂಡಿರಬಹುದು. ಹಾಗಿದ್ದಲ್ಲಿ ವಿಷ ಉಳಿಸಿಕೊಳ್ಳಬೇಕಾದ ಮರಕ್ಕೂ ಹರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿತು. ಬೇರೆ ಕೆಲವು ನಿಯಂತ್ರಣ ಸಂಸ್ಥೆಗಳು ಇದನ್ನು ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕೇಂದ್ರ ಕೃಷಿ ಸಚಿವಾಲಯವಂತೂ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕವಷ್ಟೇ ಇದರ ಬಳಕೆ ಎಂದು ನಿರ್ಬಂಧಿಸಿತು. ಬರಿಗೈಯಲ್ಲಿ, ಹಳೇ ಬ್ರಷ್ ಅದ್ದಿ ಬಳಿಯುವ ಸರಕಲ್ಲ ಇದು.

ಇಷ್ಟಕ್ಕೂ ಎಲ್ಲ ಬೊಡ್ಡೆಯೂ ಚಿಗುರುವುದಿಲ್ಲ. ತೆಂಗು, ಅಡಿಕೆಗಳಿಗೆ ಇರುವುದು ಒಂದೇ ಸುಳಿ. ಸುಳಿ ಹೋಯಿತೆಂದರೆ ಮರ ಸತ್ತಂತೆಯೇ. ಸತ್ತದ್ದಕ್ಕೆ ವಿಷ ಹಾಕುವುದು ದುಡ್ಡು ದಂಡ. ಕಡಿದ ಸರ್ವೆಯೂ ಸಾಮಾನ್ಯವಾಗಿ ಚಿಗುರುವುದಿಲ್ಲ. ಹಟ ಹಿಡಿದು ಚಿಗುರುವುದು ಹೊಂಗೆ, ಸುಬಾಬುಲ್, ಗೊಬ್ಬರದ ಗಿಡ, ಎಲ್ಲಕ್ಕಿಂತ ಮಿಗಿಲಾಗಿ ನೀಲಗಿರಿ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರೈತರ ಜಮೀನಿಗೂ ಹಬ್ಬಿದ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಕಡಿದ ಮೇಲೆ ಕೂಳೆ ಬಿಟ್ಟರೆ ಮತ್ತೆ ಮತ್ತೆ ಕಟಾವಿಗೆ ಬರುತ್ತದೆ ಎಂಬುದೇ ಅದನ್ನು ಬೆಳೆದವರಿಗೆ ಲಾಭವಾಗಿತ್ತು, ಜಮೀನನ್ನು ಮತ್ತೆ ರಾಗಿಗೆ ತಿರುಗಿಸುವವರಿಗೆ ಅದೇ ತಲೆನೋವು.

ಆದರೂ ಚಿಗುರಿನ ಬಲ ಅಪಾರವಲ್ಲ. ಕಡಿದ ಬೊಡ್ಡೆಗೆ ಎಲೆ ಇಲ್ಲ, ಅಡುಗೆಯಿಲ್ಲ. ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿಯೇ ಅದು ಚಿಗುರು ತಳ್ಳಬೇಕು. ಎಲೆ ಬಲಿತ ಮೇಲೆ ಚಿಗುರು ಸಾಲ ತೀರಿಸಲು ತೊಡಗುತ್ತದೆ. ಹಾಗಾಗಿ ಚಿಗುರು ಗೇಣುದ್ದ ಆಗುವ ಮೊದಲೇ, ಎಲೆ ಇನ್ನೂ ಎಳಸಾಗಿರುವಾಗಲೇ ಬುಡಸಮೇತ ಚಿವುಟಿ ಕೀಳಬೇಕು. ಮಚ್ಚಿನಲ್ಲಿ ಅರ್ಧಕ್ಕೆ ಸವರಿದರೆ ಉಳಿದ ಮೋಟಿನಿಂದ ಎರಡರ ಬದಲು ನಾಲ್ಕು ಹೊರಡುತ್ತವೆ. ಸುಬಾಬುಲ್, ಗೊಬ್ಬರದ ಗಿಡಗಳ ಚಿಗುರನ್ನು ಮೇಕೆಗಳೇ ತಿಂದು ಮುಗಿಸಿಯಾವು. ನೀಲಗಿರಿಯನ್ನು ಅವು ಮೂಸುವುದಿಲ್ಲ, ಅದಕ್ಕೆ ಕೈಯೇ ಬೇಕು. ಒಂದೆರಡು ಮಳೆಗಾಲ ಬಿಡದೆ ಹೀಗೆ ಮಾಡಿದರೆ ಸಣ್ಣ ಬೊಡ್ಡೆಯ ಬೇರು ಬರಿದಾಗುತ್ತದೆ.

ಬೊಡ್ಡೆ ಕೀಳಲೇಬೇಕು ಎಂಬುದು ಮೊದಲೇ ಗೊತ್ತಿದ್ದರೆ ನೆಲಮಟ್ಟಕ್ಕೆ ಕಡಿಯಬಾರದು, ಎದೆಮಟ್ಟದ ಮೋಟು ಬಿಡಬೇಕು. ಆ ಮೋಟೇ ಸನ್ನೆಕೋಲು. ಬುಡದ ಸುತ್ತ ಗುದ್ದಲಿಯಿಂದ ಎರಡಡಿ ಮಣ್ಣು ತೆಗೆದು, ಕಾಣಿಸಿದ ಬೇರುಗಳನ್ನು ಕೊಡಲಿಯಿಂದ ಕತ್ತರಿಸಿ, ತುದಿಗೆ ಹಗ್ಗ ಬಿಗಿದು ಅತ್ತಿತ್ತ ಜಗ್ಗಿದರೆ ಅಡಿಬೇರು ಎಲ್ಲಿದೆಯೆಂದು ತಿಳಿಯುತ್ತದೆ. ಅಲ್ಲಿಗೆ ಹಾರೆ ಹಾಕಬೇಕು. ಇದಕ್ಕೆ ಒಳ್ಳೆಯ ಸಮಯ ಹದ ಮಳೆ ಬಿದ್ದ ಎರಡು ಮೂರು ದಿನದ ನಂತರ. ಬೇಸಿಗೆಯಲ್ಲಿ ಕಾದ ಕೆಂಪು ನೆಲ ಗುದ್ದಲಿಯನ್ನೇ ಒಳಗೆ ಬಿಡದು. ಅಗೆಯುವಷ್ಟು ಆಳು ಇಲ್ಲದಿದ್ದರೆ ಬೊಡ್ಡೆಯನ್ನು ನೆಲಮಟ್ಟಕ್ಕೆ ಕೊಯ್ಸಿ, ತಲೆಯ ಮೇಲೆ ಅಂಗೈ ಅಗಲಕ್ಕೊಂದರಂತೆ ಆಳವಾದ ತೂತು ಕೊರೆದು, ಹಸಿ ಸಗಣಿ ಗಂಜಲದ ಬಗ್ಗಡ ತುಂಬಿ, ಮೇಲೆ ಮಣ್ಣು ಮತ್ತು ತರಗು ಮುಚ್ಚಿ ತೇವ ಆರದಂತೆ ನೋಡಿಕೊಳ್ಳಬೇಕು. ಸಗಣಿ ಗಂಜಲ ಕೊಡುವುದು ಮರದಲ್ಲಿ ಕಡಿಮೆಯಿರುವ ಸಾರಜನಕವನ್ನು. ಮೆದು ಜಾತಿಯ ಸಣ್ಣ ಬೊಡ್ಡೆ ಒಂದೆರಡು ವರ್ಷದಲ್ಲಿ ಹಾರೆಗೆ ಪುಡಿಯಾಗುವಷ್ಟು ಸಡಿಲಾಗುತ್ತದೆ, ತೇಗ ಹೊನ್ನೆಯಂಥವಕ್ಕೆ ಇನ್ನೂ ಹೆಚ್ಚು ಕಾಲ ಬೇಕು.

ತೆಂಗಿನ ಸೀಮೆಯಲ್ಲಿ ಇದಕ್ಕೆ ಬಲವಾದ ಆಕ್ಷೇಪಣೆಯೊಂದಿದೆ. ಕೊಳೆಯುವ ತೆಂಗಿನ ಬೊಡ್ಡೆಯಲ್ಲೇ ಸುಳಿ ಕೊರೆಯುವ ರೈನೋಸಾರಸ್ ದುಂಬಿ ಮೊಟ್ಟೆಯಿಡುತ್ತದೆ, ಪಕ್ಕದ ಮರಗಳ ಗತಿ ಏನು? ಆಕ್ಷೇಪಣೆ ಸರಿ, ಒಪ್ಪಲೇಬೇಕು. ಆದ್ದರಿಂದ ತೆಂಗಿನ ಬೊಡ್ಡೆಯನ್ನು ನಿಂತಲ್ಲೇ ಕೊಳೆಯಲು ಬಿಡದೆ ಎಬ್ಬಿಸುವುದೇ ಲೇಸು. ಅದಕ್ಕೆ ತಾಯಿಬೇರು ಇಲ್ಲ, ಬೆರಳು ಗಾತ್ರದ ಸಾವಿರಾರು ಬೇರುಗಳಷ್ಟೇ. ಸುತ್ತ ಕಂದಕ ತೋಡಿ ಬೇರು ಕಡಿದರೆ ಬುಡ ಹೊರಳುತ್ತದೆ. ಎಬ್ಬಿಸಿದ್ದನ್ನು ಸೀಳಿ ಒಣಗಿಸಿ ಸೌದೆ ಮಾಡಬಹುದು. ಎಬ್ಬಿಸಲಾಗದೆ ಉಳಿದ ಕಡೆ, ತಿಪ್ಪೆಯಲ್ಲೂ ಕೂಡ, ಹುಳುವಿಗೆ ರೋಗ ತರುವ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಹಾಕುವ ಕ್ರಮವನ್ನು ತೆಂಗಿನ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ. ಅಣಬೆ ರೋಗದಿಂದ ಸತ್ತ ಮರದ ಬುಡವನ್ನಂತೂ ಬೇರುಸಮೇತ ಕಿತ್ತು ಸುಡಬೇಕು. ಆ ರೋಗದ ಶಿಲೀಂಧ್ರ ಬೇರಿನ ಮೂಲಕ ಪಕ್ಕದ ಮರಕ್ಕೆ ಹೋಗುವುದರಿಂದ ಅಲ್ಲಿ ಕೊಳೆಸುವ ಮಾತೇ ಇಲ್ಲ.

ಜೆಸಿಬಿ ಇರುವಾಗ ಇಷ್ಟೆಲ್ಲ ಪಾಡೇಕೆ ಎನ್ನಬಹುದು. ಎಕರೆಗಟ್ಟಲೆ ನೀಲಗಿರಿ ತೆಗೆಯುವವರಿಗೆ ಅದೇ ಸರಿಯಾದ ದಾರಿ. ಆದರೆ ತೋಟದ ನಡುವಿನ ನಾಲ್ಕೈದು ಬೊಡ್ಡೆಗೆ ಅದನ್ನು ಒಳಗೆ ಬಿಟ್ಟರೆ ನಿಂತ ಮರಗಳ ಬೇರು ಹರಿದು, ಡ್ರಿಪ್ ಪೈಪು ತುಂಡಾಗಿ, ಅಡಿಮಣ್ಣು ಮೇಲೆ ಬಂದು ಕೂರುತ್ತದೆ. ಕಾಯಲು ಪುರಸೊತ್ತಿಲ್ಲ ಎನ್ನುವವರು ಗಮನಿಸಬೇಕಾದ್ದು ಇನ್ನೊಂದಿದೆ: ತೆಂಗಿನ ಸಾಲಿನಲ್ಲಿ ಮರದಿಂದ ಮರಕ್ಕೆ ಇಪ್ಪತ್ತೈದು ಮೂವತ್ತಡಿ ಅಂತರವಿರುತ್ತದೆ. ರೋಗದಿಂದ ಸಾಯದ ಮರದ ಜಾಗಕ್ಕೆ ಹೊಸ ಸಸಿಯನ್ನು ಹಳೇ ಗುಂಡಿಯಲ್ಲೇ ಇಡಬೇಕೆಂದಿಲ್ಲ. ನಾಲ್ಕು ಮರಗಳ ನಡುವಿನ ಖಾಲಿ ಜಾಗದಲ್ಲಿ ಮೂರಡಿ ಗುಂಡಿ ತೆಗೆದು ಈ ಮುಂಗಾರಿಗೇ ನೆಡಬಹುದು. ಇನ್ನು ಕೊಳೆಯಲು ಬಿಟ್ಟ ಬೇರೆ ಮರಗಳ ಬೊಡ್ಡೆಯ ಮೇಲೆ ಮಳೆಗಾಲದಲ್ಲಿ ಅಣಬೆ ಎದ್ದರೆ ಕೊಳೆತ ಸಾಗಿದೆ ಎಂದು ತಿಳಿಯಬೇಕು. ಗುರುತಿಲ್ಲದ ಆ ಅಣಬೆಯನ್ನು ಮಾತ್ರ ಯಾರೂ ಅಡುಗೆಗೆ ಕಿತ್ತು ತರಬಾರದು.