ಉಡುಪಿ ಹೋಟೆಲು: ಹೆಸರು ಮತ್ತು ಹೊಣೆ

ಮುಂಬಯಿಯಲ್ಲಿ ‘ಉಡುಪಿ ಹೋಟೆಲು’ ಎಂಬುದು ಬಹುಕಾಲದಿಂದ ಭರವಸೆಯ ಮಾತಾಗಿದೆ. ಶುಚಿಯಾದ ಮೇಜು, ಬಿಸಿಯಾದ ತಿಂಡಿ, ಬಡವನ ಕಿಸೆಗೂ ಎಟಕುವ ಬೆಲೆ, ಈ ಮೂರನ್ನು ನಂಬಿಯೇ ಗಿರಾಕಿಯು ಒಳಗೆ ಕಾಲಿಡುತ್ತಾನೆ. ಆ ನಂಬಿಕೆಗೆ ಕುಂದು ಬಂದರೆ ಅದು ಒಬ್ಬ ಧನಿಯ ನಷ್ಟ ಮಾತ್ರವಲ್ಲ, ಈ ನಗರದ ಕನ್ನಡಿಗರೆಲ್ಲರ ಹೆಸರಿನ ನಷ್ಟ.

ಕಳೆದ ಆದಿತ್ಯವಾರ ಊರಿನಿಂದ ಬಂದಿದ್ದ ವೃದ್ಧ ಸೋದರಮಾವನವರೊಡನೆ ನೆರೆಯ ಹೋಟೆಲೊಂದಕ್ಕೆ ಹೋಗಿದ್ದೆ. ಮೇಜಿನ ಮೇಲೆ ಹಿಂದಿನವರ ಎಂಜಲು ಹಾಗೆಯೇ ಇತ್ತು. ಹತ್ತು ನಿಮಿಷ ಕಾದ ಮೇಲೆ ನೀರು ಬಂತು. ಇಡ್ಲಿ ಹೇಳಿದವರಿಗೆ ವಡೆ ಬಂತು. ಸಾಂಬಾರು ಆರಿ ತಣ್ಣಗಾಗಿತ್ತು. “ಮಗಾ, ಸ್ವಲ್ಪ ಬಿಸಿ ಸಾಂಬಾರು ಸಿಕ್ಕೀತೇ?” ಎಂದು ಮಾವನವರು ಕೇಳಿದಾಗ, ಬಡಿಸುವ ತರುಣನು “ಇರುವುದೇ ಇದು” ಎಂದು ಮುಖ ತಿರುಗಿಸಿದನು. ಗಲ್ಲಾದ ಬಳಿ ಹೋಗಿ ದೂರಿಕೊಂಡೆ. ಅಲ್ಲಿ ಕುಳಿತವರು ಮೊಬೈಲಿನಿಂದ ಕಣ್ಣೆತ್ತದೆಯೇ, “ಬೇಡವಾದರೆ ಪಕ್ಕದಲ್ಲಿ ಬೇರೆ ಹೋಟೆಲು ಇದೆಯಲ್ಲ!” ಎಂದರು. ಇಂಥ ಸೇವೆಗೂ ಬಿಲ್ಲಿನಲ್ಲಿ ‘ಸೇವಾ ಶುಲ್ಕ’ವೆಂದು ನೂರಕ್ಕೆ ಐದು ಸೇರಿತ್ತು.

ಈ ಶುಲ್ಕದ ವಿಷಯ ವಾಚಕರು ತಿಳಿದಿರಬೇಕು. ಗಿರಾಕಿಯನ್ನು ಕೇಳದೆ ಇದನ್ನು ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ವಿಧಿಸಿತು. ದಿಲ್ಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ದೂರಿಗೆ 1915 ಎಂಬ ದೂರವಾಣಿ ಸಂಖ್ಯೆಯೂ ಉಂಟು. ನಾನು ಅಷ್ಟನ್ನು ಹೇಳಿದೊಡನೆ ಆ ಹಣ ಬಿಲ್ಲಿನಿಂದ ಇಳಿಯಿತು.

ಆದರೆ ಮಾವನವರ ಮನಸ್ಸು ಬಿಲ್ಲಿನ ಮೇಲಿರಲಿಲ್ಲ. ಅವರು ಆ ತರುಣನನ್ನು ಕರೆದು, “ಎಷ್ಟು ಹೊತ್ತಿಗೆ ಎದ್ದೆಯಪ್ಪಾ?” ಎಂದು ಕೇಳಿದರು. “ನಾಲ್ಕಕ್ಕೆ. ಇಬ್ಬರು ಊರಿಗೆ ಹೋಗಿದ್ದಾರೆ. ಎಲ್ಲ ಮೇಜಿಗೂ ನಾನೊಬ್ಬನೇ,” ಎನ್ನುವಾಗ ಅವನ ಕಣ್ಣು ತುಂಬಿತು.

ಮಾವನವರೂ 1960ರ ದಶಕದಲ್ಲಿ ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಕಪ್ಪುಬಸಿ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಹೊರಗೆ ಬಂದು ಅವರೆಂದರು: “ತಪ್ಪು ಹುಡುಗನದಲ್ಲ. ಜನ ಕಡಿಮೆಯಾದ ದಿನ ನಮ್ಮ ಧನಿಗಳು ಗಲ್ಲಾದಿಂದ ಇಳಿದು ತಾವೇ ಮೇಜು ಒರೆಸುತ್ತಿದ್ದರು. ಅವರನ್ನು ಕಂಡು ನಮಗೆ ದಣಿವು ಮರೆಯುತ್ತಿತ್ತು.”

ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಬೋರ್ಡಿಂಗ್‌ನ ಬಾಳೆಯೆಲೆ ಊಟಕ್ಕೆ ಇತರ ಭಾಷಿಕರೂ ಸರದಿ ಕಾದು ನಿಲ್ಲುವರು. ಇಂಥ ಹೆಸರು ಒಂದು ದಿನದಲ್ಲಿ ಬರುವುದಿಲ್ಲ. ಆದರೆ ಒಂದು ಬಿರುನುಡಿಯಿಂದ ಹೋಗಬಲ್ಲದು. ಧನಿಗಳು ಕೆಲಸದವರಿಗೆ ವಿಶ್ರಾಂತಿಯನ್ನೂ ಗಿರಾಕಿಗೆ ಒಂದು ಒಳ್ಳೆಯ ಮಾತನ್ನೂ ಕೊಡಲಿ. ಗಿರಾಕಿಗಳಾದ ನಾವೂ ದೂರನ್ನು ಗಲ್ಲಾದಲ್ಲಿ ಹೇಳೋಣ. ಬಡಿಸುವ ಕೈಯ ಮೇಲೆ ಸಿಟ್ಟು ತೀರಿಸದಿರೋಣ.