ಗುಂಯ್ ಎನ್ನುವ ಗಿಟಾರಿಗೆ ಎರಡು ಸುರುಳಿಯ ಮದ್ದು

ಮಳಗಿಯಂಥ ಊರಿನಲ್ಲಿ ಗಣೇಶನ ಹಬ್ಬದ ರಸಮಂಜರಿ ಕಾರ್ಯಕ್ರಮಕ್ಕೂ ಒಂದು ಕ್ರಮವಿದೆ. ಮಧ್ಯಾಹ್ನದ ಹೊತ್ತಿಗೆ ಸೌಂಡ್ ಸಿಸ್ಟಮ್ಮಿನ ವ್ಯಾನು ಬರುತ್ತದೆ. ಕಂಬದಿಂದ ಕಂಬಕ್ಕೆ ಸೀರಿಯಲ್ ಸೆಟ್ಟು, ವೇದಿಕೆಯ ನೆತ್ತಿಗೆ ಟ್ಯೂಬ್‌ಲೈಟು, ಪರದೆಯ ಮರೆಯಲ್ಲಿ ವೈರುಗಳ ಗಂಟು. ‘ಹಲೋ, ಮೈಕ್ ಟೆಸ್ಟಿಂಗ್’ ಮುಗಿದ ಮೇಲೆ ಗಿಟಾರಿನ ಹುಡುಗ ತನ್ನ ವಾದ್ಯದ ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸುತ್ತಾನೆ. ಇನ್ನೂ ಒಂದು ತಂತಿಯನ್ನೂ ಮೀಟಿಲ್ಲ, ಅಷ್ಟರಲ್ಲೇ ಸ್ಪೀಕರಿನೊಳಗೆ ಜೇನುಹುಳು ಹೊಕ್ಕಂತೆ ‘ಗುಂಯ್...’ ಎಂದು ಶುರುವಾಗುತ್ತದೆ.

ಸೆಟ್ಟು ಕೆಟ್ಟಿದೆ ಎಂದು ಮುಂದಿನ ಸಾಲಿನವರು ಮಾತಾಡಿಕೊಳ್ಳುತ್ತಾರೆ. ಅನೇಕ ಸಲ ಏನೂ ಕೆಟ್ಟಿರುವುದಿಲ್ಲ. ಸುತ್ತಲಿನ ವೈರುಗಳಲ್ಲಿ ಹರಿಯುತ್ತಿರುವ ಕರೆಂಟಿನ ದನಿಯನ್ನು ಗಿಟಾರು ಕೇಳಿಸಿಕೊಂಡು ಊರಿಗೆಲ್ಲ ಸಾರುತ್ತಿರುತ್ತದೆ, ಅಷ್ಟೆ.

ಕರೆಂಟಿನ ಶ್ರುತಿ

ತಂಬೂರಿಗೆ, ವೀಣೆಗೆ ಬುರುಡೆ ಉಂಟು. ಎಲೆಕ್ಟ್ರಿಕ್ ಗಿಟಾರಿನ ಒಡಲು ಬಹುಮಟ್ಟಿಗೆ ಗಟ್ಟಿ ಮರ. ಅದರ ಬುರುಡೆಯ ಕೆಲಸವನ್ನು ಮಾಡುವುದು ತಂತಿಗಳ ಕೆಳಗೆ ಕೂತಿರುವ ಪಿಕಪ್ ಎಂಬ ಪುಟ್ಟ ಸಾಧನ. ಒಂದು ಅಯಸ್ಕಾಂತ, ಅದರ ಸುತ್ತ ಎನಾಮಲ್ ಬಳಿದ ತಾಮ್ರದ ತಂತಿಯ ಸಾವಿರಾರು ಸುತ್ತು. ಪಂಪ್‌ಸೆಟ್ಟಿನ ಮೋಟಾರು ಸುಟ್ಟಾಗ ವೈಂಡಿಂಗ್ ಅಂಗಡಿಗೆ ಹೋದವರೆಲ್ಲ ಇಂಥ ತಂತಿಯನ್ನು ಕಂಡಿರುತ್ತಾರೆ. ಪಿಕಪ್ಪಿನದು ಅದಕ್ಕಿಂತ ಬಹಳ ತೆಳು, ಹೆಚ್ಚುಕಡಿಮೆ ತಲೆಗೂದಲಿನಷ್ಟು.

ಉಕ್ಕಿನ ತಂತಿ ಅಯಸ್ಕಾಂತದ ಮುಂದೆ ಅದುರಿದಾಗ ಸುರುಳಿಯಲ್ಲಿ ಅಷ್ಟೇ ವೇಗದಲ್ಲಿ ಏರಿಳಿಯುವ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ನೈಲಾನ್ ತಂತಿ ಕಟ್ಟಿದರೆ ಈ ಪಿಕಪ್ಪು ಮೂಕ.

ತೊಂದರೆ ಇರುವುದೂ ಇಲ್ಲಿಯೇ. ಸುರುಳಿಗೆ ತನ್ನವರು, ಪರರು ಎಂಬ ಭೇದವಿಲ್ಲ. ದಾಂಡೇಲಿ ಸಮೀಪದ ನಾಗಝರಿ ವಿದ್ಯುದಾಗಾರದಲ್ಲಿ ಕಾಳಿಯ ನೀರಿನಿಂದ ಹುಟ್ಟಿದ ಕರೆಂಟಾಗಲಿ, ಬೇರೆಲ್ಲಿಯದೋ ಆಗಲಿ, ಗ್ರಿಡ್ಡಿಗೆ ಸೇರಿದ ಮೇಲೆ ಎಲ್ಲಕ್ಕೂ ಒಂದೇ ತಾಳ: ಸೆಕೆಂಡಿಗೆ 50 ಆವರ್ತ. ಟ್ಯೂಬ್‌ಲೈಟಿನ ಚೋಕು, ಟ್ರಾನ್ಸ್‌ಫಾರ್ಮರು, ಗೋಡೆಯೊಳಗಿನ ವೈರು ಎಲ್ಲವೂ ತಮ್ಮ ಸುತ್ತ ಈ ತಾಳಕ್ಕೆ ಕುಣಿಯುವ ಕಾಂತಕ್ಷೇತ್ರವನ್ನು ಹರಡುತ್ತವೆ. ಸುರುಳಿ ಅದನ್ನೂ ಹಿಡಿಯುತ್ತದೆ. ಹಾರ್ಮೋನಿಯಂ ಬಲ್ಲವರ ಮಾತಿನಲ್ಲಿ ಹೇಳುವುದಾದರೆ ಈ ಗುಂಯ್‌ಕಾರದ ಶ್ರುತಿ ‘ಬಿಳಿ ಐದ’ಕ್ಕಿಂತ ತುಸು ಮೇಲೆ, ಆದರೆ ಬಹಳ ತಗ್ಗಿನ ಸ್ಥಾಯಿಯಲ್ಲಿ.

ಬೇಡದ ದನಿಯನ್ನು ಸೋಸಿ ತೆಗೆದರಾಯಿತಲ್ಲ ಎನ್ನಬಹುದು. ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82. ಆದರೆ ಗುಂಯ್‌ಕಾರ 50ಕ್ಕೆ ನಿಲ್ಲದೆ 100, 150 ಎಂದು ಮೇಲೇರುತ್ತದೆ. ಅದನ್ನು ಸೋಸಹೊರಟರೆ ಕಲ್ಲಿನ ಜೊತೆಗೆ ಅಕ್ಕಿಯೂ ಹೋಗುತ್ತದೆ.

ಎರಡು ಸಲ ತಿರುಗಿದವನು

ಈ ಕಗ್ಗಂಟನ್ನು ಬಿಡಿಸಿದವರಲ್ಲಿ ಮುಖ್ಯನು ಸೆತ್ ಲವರ್. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿದ್ದ ಗಿಬ್ಸನ್ ಕಂಪನಿಯ ಎಂಜಿನಿಯರ್. ರೇ ಬಟ್ಸ್ ಎಂಬಾತ ಗ್ರೆಟ್ಶ್ ಗಿಟಾರುಗಳಿಗಾಗಿ ಅದೇ ಕಾಲದಲ್ಲಿ ಇಂಥದೇ ಉಪಾಯವನ್ನು ಬೇರೆಯಾಗಿಯೇ ಕಂಡುಕೊಂಡಿದ್ದ. ಲವರ್ ಪೇಟೆಂಟಿಗೆ ಅರ್ಜಿ ಹಾಕಿದ್ದು 1955ರ ಜೂನ್ 22ರಂದು. ಅದು ಕೈಸೇರಿದ್ದು 1959ರ ಜುಲೈ 28ರಂದು.

ಉಪಾಯ ಇಷ್ಟು: ಒಂದು ಸುರುಳಿಯ ಬದಲು ಎರಡು. ಎರಡನೆಯದನ್ನು ಮೊದಲನೆಯದಕ್ಕೆ ತಿರುವುಮುರುವಾಗಿ ಜೋಡಿಸಬೇಕು. ಹೊರಗಿನ ಗುಂಯ್‌ಕಾರ ಎರಡಕ್ಕೂ ಸಮನಾಗಿ ಬರುತ್ತದೆ. ಒಂದು ಸುರುಳಿ ಅದನ್ನು ‘ಮೇಲೆ’ ಎಂದಾಗ ಇನ್ನೊಂದು ‘ಕೆಳಗೆ’ ಎನ್ನುತ್ತದೆ. ಕೂಡಿದರೆ ಸೊನ್ನೆ.

ಹಾಗಾದರೆ ತಂತಿಯ ನಾದವೂ ಸೊನ್ನೆಯಾಗಬೇಕಲ್ಲವೇ? ಇಲ್ಲ. ಎರಡನೆಯ ಸುರುಳಿಯ ಅಯಸ್ಕಾಂತದ ಧ್ರುವವನ್ನೂ ಅದಲುಬದಲು ಮಾಡಲಾಗಿದೆ. ಹೀಗಾಗಿ ತಂತಿಯ ದನಿ ಅಲ್ಲಿ ಸುರುಳಿಯಿಂದ ಒಮ್ಮೆ, ಧ್ರುವದಿಂದ ಇನ್ನೊಮ್ಮೆ ತಿರುಗುತ್ತದೆ. ಎರಡು ಸಲ ಹಿಂದಿರುಗಿ ನಿಂತವನ ಮುಖ ಮೊದಲಿನ ದಿಕ್ಕಿಗೇ ಇರುವುದಿಲ್ಲವೇ, ಹಾಗೆ. ಪರರ ದನಿ ಕಳೆಯುತ್ತದೆ, ತನ್ನ ದನಿ ಕೂಡುತ್ತದೆ. ಗುಂಯ್‌ಕಾರವನ್ನು ಎದುರಿಸಿ ನಿಂತದ್ದರಿಂದ ಇದಕ್ಕೆ ‘ಹಂಬಕರ್’ ಎಂದು ಹೆಸರಾಯಿತು.

1957ರಲ್ಲಿ ಲೆಸ್ ಪಾಲ್ ಮಾದರಿಯ ಗಿಟಾರುಗಳಿಗೆ ಇದು ಬಂದಾಗ ಪಿಕಪ್ಪಿನ ತಳದಲ್ಲಿ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಚೀಟಿ ಇರುತ್ತಿತ್ತು. ಆ ಕಾಲದ ಪಿಕಪ್ಪುಗಳು ಇಂದು ಸಂಗ್ರಾಹಕರ ಪಾಲಿನ ಚಿನ್ನ. ತಮಾಷೆಯೆಂದರೆ, ಮುಂದೆ ಕಂಪನಿ ಅಂಟಿಸಿದ ಚೀಟಿಯಲ್ಲಿ ಪೇಟೆಂಟ್ ಸಂಖ್ಯೆಯೇನೋ ಇತ್ತು, ಆದರೆ ಅದು ಗಿಟಾರಿನ ಬೇರೊಂದು ಭಾಗದ ಪೇಟೆಂಟಿನದು!

ದಪ್ಪ ದನಿಯ ಗುಟ್ಟು

ಸದ್ದಡಗಿಸಲು ಹುಟ್ಟಿದ ಸಾಧನ ಬೇರೆಯೇ ಒಂದು ದನಿಯನ್ನು ತಂದಿತು. ಎರಡು ಸುರುಳಿಗಳು ಸೀರಿಯಲ್ ಸೆಟ್ಟಿನ ದೀಪಗಳಂತೆ ಒಂದರ ಬೆನ್ನಿಗೆ ಒಂದು ಜೋಡಣೆಯಾಗಿರುವುದರಿಂದ ಹೊರಬರುವ ದನಿ ಬಲವಾಗುತ್ತದೆ, ಆದರೆ ಮೇಲುಸ್ಥಾಯಿಯ ಹೊಳಪು ಕುಂದುತ್ತದೆ. ಅಲ್ಲದೆ ಅವು ಒಂದೇ ತಂತಿಯನ್ನು ಅಕ್ಕಪಕ್ಕದ ಎರಡು ಕಡೆ ಆಲಿಸುತ್ತವೆ. ಅತಿ ಸೂಕ್ಷ್ಮವಾದ ಅಲೆಗಳು ಒಂದು ಕಡೆ ಏರಿ, ಇನ್ನೊಂದು ಕಡೆ ಇಳಿದು ಪರಸ್ಪರ ಅಳಿಸಿಹೋಗುತ್ತವೆ. ಉಳಿಯುವುದು ದುಂಡಗಿನ, ಬೆಚ್ಚನೆಯ, ಭಾರದ ನಾದ.

ಒಂಟಿ ಸುರುಳಿಯದು ಗಾಜಿನ ಬಳೆಯ ಕಿಣಿಕಿಣಿ. ಹಾಗಾಗಿ ಅದು ಸತ್ತಿಲ್ಲ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನ ಅಭಿಮಾನಿಗಳು ಆ ಕಿಣಿಕಿಣಿಗಾಗಿ ಗುಂಯ್‌ಕಾರವನ್ನು ಸಹಿಸಿಕೊಂಡೇ ಬಂದಿದ್ದಾರೆ. 1981ರ ‘ಗೀತಾ’ ಚಿತ್ರದಲ್ಲಿ ಶಂಕರ್‌ನಾಗ್ ಗಿಟಾರ್ ಹಿಡಿದು ನಿಂತ ಮೇಲೆ ಕನ್ನಡದ ಹುಡುಗರಿಗೆ ಆ ವಾದ್ಯ ಕನಸಾಯಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಾಗ ಸಾವಿರಾರು ಮಂದಿ ಕೇಳಿದ್ದು ಹಂಬಕರಿನ ಆರ್ಭಟವನ್ನು. ಆ ತಂಡದ ಜೇಮ್ಸ್ ಹೆಟ್‌ಫೀಲ್ಡ್, ಕರ್ಕ್ ಹ್ಯಾಮೆಟ್ ಹೆಸರುಮಾಡಿದ್ದು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಇಎಂಜಿ ಹಂಬಕರುಗಳ ಜೊತೆಗೆ.

ಓಮ್ ನೋಡಿ ಮೋಸಹೋಗಬೇಡಿ

ಪಿಕಪ್ ಕೊಳ್ಳುವವರು ಮೊದಲು ಕೇಳುವುದು ‘ಎಷ್ಟು ಕಿಲೋ ಓಮ್?’ ಎಂದು. ಹಳೆಯ ಮಾದರಿಯ ಹಂಬಕರಿನಲ್ಲಿ ಸುರುಳಿಗೆ ಸುಮಾರು 5,000ದಂತೆ ಒಟ್ಟು 10,000 ಸುತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಜಾಗದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ತಂತಿ! ಅದರ ರೋಧ 7ರಿಂದ 9 ಕಿಲೋ ಓಮ್. ಅಬ್ಬರದ ಸಂಗೀತಕ್ಕೆಂದೇ ಸುತ್ತಿದವುಗಳಲ್ಲಿ ಇದು 16ರವರೆಗೂ ಹೋಗುತ್ತದೆ.

ಆದರೆ ಓಮ್ ಹೇಳುವುದು ತಂತಿಯ ಉದ್ದ, ದಪ್ಪಗಳನ್ನು ಮಾತ್ರ. ಸುತ್ತು ಹೆಚ್ಚಿಸದೆ ತಂತಿಯನ್ನು ತೆಳುವಾಗಿಸಿದರೂ ಅಂಕಿ ಏರುತ್ತದೆ. ದನಿಯ ಗುಣವನ್ನು ಚೆನ್ನಾಗಿ ತಿಳಿಸುವುದು ಹೆನ್ರಿ ಲೆಕ್ಕದ ಇಂಡಕ್ಟೆನ್ಸ್. ಸ್ಟ್ರಾಟೊಕಾಸ್ಟರಿನ ಒಂಟಿ ಸುರುಳಿಗೆ ಇದು ಎರಡೂಕಾಲು ಹೆನ್ರಿಯ ಆಸುಪಾಸು. ಹಳೆಯ ಮಾದರಿಯ ಹಂಬಕರಿಗೆ ನಾಲ್ಕರ ಮೇಲೆ. ಅಂಕಿ ಏರಿದಷ್ಟೂ ದನಿ ಮಂದ್ರಕ್ಕೆ ವಾಲುತ್ತದೆ. ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರು ಉದ್ದವಾದರೂ ಹೊಳಪು ಕಡಿಮೆಯಾಗುತ್ತದೆ.

ತಾವೇ ಸುತ್ತಿ ನೋಡುವ ಹವ್ಯಾಸಿಗಳಿಗೆ ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ ಬರೆದಿರುವ ‘42 ಗೇಜ್’ ಅಮೆರಿಕದ ಲೆಕ್ಕ, 0.063 ಮಿಲಿಮೀಟರ್. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಗೇಜಿನ 42 ಎಂದರೆ 0.1 ಮಿಲಿಮೀಟರ್. ಇಲ್ಲಿ ಕೇಳಬೇಕಾದದ್ದು 46 ಗೇಜನ್ನು.

ಮೂರನೆಯ ಪಿನ್ನು

ಹಂಬಕರ್ ಕೂಡ ಸರ್ವರೋಗಕ್ಕೆ ಮದ್ದಲ್ಲ. ಬೇರೆ ಬೇರೆ ಕಡೆಯ ಅರ್ಥಿಂಗಿಗೆ ಸೇರಿದ ಎರಡು ಉಪಕರಣಗಳನ್ನು ವೈರಿನಿಂದ ಜೋಡಿಸಿದಾಗ ಹುಟ್ಟುವ ಗುಂಯ್‌ಕಾರವನ್ನು ಅದು ತಡೆಯಲಾರದು. ಆಗ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ: ಪ್ಲಗ್ಗಿನ ಮೂರನೆಯ ಪಿನ್ನನ್ನೇ ತೆಗೆದುಬಿಡುತ್ತಾರೆ. ಸದ್ದು ನಿಲ್ಲುತ್ತದೆ. ಅದರೊಡನೆ ನುಡಿಸುವವನ ರಕ್ಷಣೆಯೂ ಹೋಗುತ್ತದೆ.

ಗಿಟಾರಿನ ಲೋಹದ ತಂತಿಗಳು ಆಂಪ್ಲಿಫೈಯರಿನ ಮೂಲಕ ಭೂಮಿಗೆ ಸೇರಿರುತ್ತವೆ. ಆ ದಾರಿ ಕಡಿದುಹೋಗಿ ಆಂಪ್ಲಿಫೈಯರಿನ ಲೋಹದ ಮೈಗೆ ಕರೆಂಟು ಹರಿದರೆ ಗಿಟಾರಿನ ತಂತಿಯೂ ಕರೆಂಟಿನ ತಂತಿಯೇ. ಕೆಟ್ಟ ಅರ್ಥಿಂಗು ಮೈಕಿನ ಕಡೆ ಇದ್ದರೂ ಅಪಾಯ ಅದೇ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟ. ಮಲೆನಾಡಿನಂಚಿನ ಮಳಗಿಯಲ್ಲಿ ಗಣೇಶ ಬರುವುದು ಮಳೆ ಪೂರ್ತಿ ಬಿಡುವ ಮೊದಲೇ. ಒದ್ದೆ ನೆಲ, ಒದ್ದೆ ಚಪ್ಪರ, ಬರಿಗಾಲು.

ಮಾಡಬೇಕಾದದ್ದು ಸರಳ. ವೇದಿಕೆಯ ವಾದ್ಯ, ಮೈಕುಗಳಿಗೆಲ್ಲ ಒಂದೇ ಬೋರ್ಡಿನಿಂದ ಕರೆಂಟು ಕೊಡುವುದು, ಇದ್ದಿಲು, ಉಪ್ಪು ತುಂಬಿದ ಗುಂಡಿಯ ಅರ್ಥಿಂಗನ್ನು ಹಬ್ಬಕ್ಕೆ ಮೊದಲೇ ಎಲೆಕ್ಟ್ರಿಷಿಯನ್ನನಿಂದ ನೋಡಿಸುವುದು, ಮೂರನೆಯ ಪಿನ್ನನ್ನು ಮುಟ್ಟದಿರುವುದು.

ಇಷ್ಟಾದ ಮೇಲೂ ಸ್ಪೀಕರು ಒಂದಿಷ್ಟು ಗುಂಯ್ ಎಂದರೆ ಎನ್ನಲಿ. ಮೊದಲ ಹಾಡು ಶುರುವಾದೊಡನೆ ಅದು ಯಾರಿಗೂ ಕೇಳಿಸದು. ಹಾಡುವ ಹುಡುಗರು ರಾತ್ರಿ ಕ್ಷೇಮವಾಗಿ ಮನೆ ಸೇರುತ್ತಾರೆ.