ಗಾಡಿ ಲೋ ರೇಂಜಿಗೆ ಬಿದ್ದಿದೆಯೇ?

ಫೋರ್ ವೀಲ್ ಡ್ರೈವ್ ಗಾಡಿಯ ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಹಂಚುವುದು ಅದರ ಒಂದು ಕೆಲಸ. ಬೇಕೆಂದಾಗ ಚಕ್ರಗಳ ವೇಗ ತಗ್ಗಿಸಿ ಅವುಗಳ ಎಳೆತ ಹೆಚ್ಚಿಸುವುದು ಇನ್ನೊಂದು; ಲೋ ರೇಂಜ್ ಎನ್ನುವುದು ಇದನ್ನೇ. ಎಷ್ಟು ತಗ್ಗುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ 1.97 ಪಟ್ಟು, ಇಂದಿನ ಜಿಮ್ನಿಯಲ್ಲಿ ಸುಮಾರು 2, ಥಾರ್‌ನಲ್ಲಿ ಸುಮಾರು 2.5, ರಾಂಗ್ಲರ್ ರುಬಿಕಾನ್‌ನಲ್ಲಿ 4. ಒಮ್ಮೆ ಲೋಗೆ ಬಿದ್ದರೆ ರಿವರ್ಸ್ ಸೇರಿದಂತೆ ಎಲ್ಲ ಗೇರ್‌ಗಳೂ ಅಷ್ಟರ ಮಟ್ಟಿಗೆ ನಿಧಾನವಾಗುತ್ತವೆ.

4ಎಚ್‌ಗೆ, ಅಂದರೆ ನಾಲ್ಕು ಚಕ್ರಗಳ ಹೈ ರೇಂಜಿಗೆ, ಹಾಕಿದರೆ ಲೋ ಸಿಕ್ಕಿತು ಎಂದು ತಿಳಿಯುವವರು ಕಡಿಮೆಯಿಲ್ಲ. 4ಎಚ್‌ನಲ್ಲಿ ಆಗುವುದು ಮುಂದಿನ ಚಕ್ರಗಳೂ ಎಳೆಯತೊಡಗುವುದು ಮಾತ್ರ. ಗೇರಿನ ಲೆಕ್ಕ ಒಂದಿಷ್ಟೂ ಬದಲಾಗದು. ಲೋ ಇರುವುದು 4ಎಲ್‌ನಲ್ಲಿ.

ಲೋ ಬಿದ್ದ ಗುರುತಾಗಿ ಮೊದಲು ಕಣ್ಣಿಗೆ ಬೀಳುವುದು ಲಿವರ್, ಅದಿಲ್ಲದ ಗಾಡಿಗಳಲ್ಲಿ ತಿರುಗಿಸುವ ಸ್ವಿಚ್. ಆದರೆ ಲಿವರ್ 4ಎಲ್‌ಗೆ ಹೋದ ಮಾತ್ರಕ್ಕೆ ಒಳಗಿನ ಹಲ್ಲುಗಳು ಕೂಡಿಕೊಂಡಿವೆ ಎಂದಲ್ಲ. ಸ್ವಿಚ್ಚಿನ ಗಾಡಿಗಳಲ್ಲಿ ಮಿನುಗುವ 4ಎಲ್ ದೀಪ ಸಾಮಾನ್ಯವಾಗಿ ಬದಲಾವಣೆ ಇನ್ನೂ ಮುಗಿದಿಲ್ಲ ಎನ್ನುತ್ತದೆ. ನಿಶ್ಚಲವಾಗಿ ಉರಿದರೆ ಮುಗಿದಂತೆ. ಜಿಮ್ನಿಯಂಥ ಕೆಲವು ಗಾಡಿಗಳಲ್ಲಿ 4ಎಲ್ ಆದೊಡನೆ, ಗಾಡಿ ಜಾರದಂತೆ ತಡೆಯುವ ಇಎಸ್‌ಪಿ ತಾನಾಗಿಯೇ ಕೆಲಸ ನಿಲ್ಲಿಸುತ್ತದೆ, ಅದರ ದೀಪವೂ ಹೊತ್ತಿಕೊಳ್ಳುತ್ತದೆ. ಅದು ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ.

ದೀಪವೇ ಇಲ್ಲದ, ಇದ್ದರೂ ಬಲ್ಬ್ ಸುಟ್ಟುಹೋದ ಹಳೆಯ ಜೀಪುಗಳಲ್ಲಿ ಏನು ಮಾಡುವುದು? ಗಾಡಿಯ ನಡಿಗೆಯನ್ನೇ ಕೇಳಬೇಕು. ದೀಪ ಚೆನ್ನಾಗಿರುವ ಗಾಡಿಯಲ್ಲೂ ನಂಬಬೇಕಾದ ಸಾಕ್ಷಿ ಇದೇ. ಸಮತಟ್ಟಾದ ಮಣ್ಣಿನ ಜಾಗದಲ್ಲಿ ಒಂದನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರೆ, ಲೋನಲ್ಲಿರುವ ಗಾಡಿ ಮನುಷ್ಯ ಆರಾಮವಾಗಿ ನಡೆಯುವಷ್ಟೂ ಓಡದೆ ತೆವಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅಬ್ಬರಿಸುತ್ತದೆ, ಸ್ಪೀಡೋಮೀಟರ್ ಮುಳ್ಳು ಮಾತ್ರ ಮೇಲೇಳಲು ಒಲ್ಲದು. ಕಾಲೆತ್ತಿದರೆ ಬ್ರೇಕ್ ಹಿಡಿದ ಹಾಗೆ ಗಾಡಿ ತಡೆಯುತ್ತದೆ. ಕೊಡಚಾದ್ರಿ, ಮಾಂದಲಪಟ್ಟಿಯಂಥ ಜಾರು ದಾರಿಗಳಲ್ಲಿ ಇಳಿಯುವಾಗ ನೆರವಿಗೆ ಬರುವ ಗುಣ ಇದೇ.

ಆರ್‌ಪಿಎಂ ತೋರಿಸುವ ಮೀಟರ್ ಇದ್ದರೆ ಊಹೆಯೂ ಬೇಡ. ಹೈ ರೇಂಜಿನ ಎರಡನೇ ಗೇರಿನಲ್ಲಿ, 2000 ಆರ್‌ಪಿಎಂಗೆ ಗಾಡಿ ಗಂಟೆಗೆ 20 ಕಿಲೋಮೀಟರ್ ಹೋಗುತ್ತದೆ ಎಂದುಕೊಳ್ಳಿ. 2.5ರ ಲೋ ಆಗಿದ್ದರೆ ಅದೇ ಗೇರು, ಅದೇ ಆರ್‌ಪಿಎಂಗೆ 8 ಕಿಲೋಮೀಟರ್ ಮಾತ್ರ ಬರಬೇಕು. 20ರ ಆಸುಪಾಸಿನಲ್ಲೇ ಇದ್ದರೆ ಲೋ ಬಿದ್ದಿಲ್ಲ, ಲಿವರ್ ಎಲ್ಲೇ ಇರಲಿ. ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರ್ ತಾನೇ ಬದಲಾಗುವುದರಿಂದ ಈ ಲೆಕ್ಕಕ್ಕೆ ಮ್ಯಾನುವಲ್ ಮೋಡಿನಲ್ಲಿ ಒಂದೇ ಗೇರನ್ನು ಹಿಡಿದಿಡಬೇಕಾಗುತ್ತದೆ.

ಮೋಸ ಮಾಡುವ ಗುರುತೂ ಒಂದಿದೆ. ಡಾಂಬರು ರಸ್ತೆಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಗಾಡಿ ಬಿಗಿದುಕೊಂಡು ಕುಪ್ಪಳಿಸುವುದನ್ನು ಲೋ ರೇಂಜಿನ ಲಕ್ಷಣ ಎನ್ನುವವರಿದ್ದಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಥಾರ್, ಜಿಮ್ನಿಗಳಂತೆ ಎರಡೂ ಆಕ್ಸಲ್‌ಗಳನ್ನು ಗಟ್ಟಿಯಾಗಿ ಜೋಡಿಸಿದ ವ್ಯವಸ್ಥೆ ಅದಕ್ಕೆ ಬಿಡುವುದಿಲ್ಲ. ಹಾಗಾಗಿ 4ಎಚ್‌ನಲ್ಲೂ ಅದು ಆಗಿಯೇ ಆಗುತ್ತದೆ. ಗಟ್ಟಿ ರಸ್ತೆಯಲ್ಲಿ 4ಎಚ್, 4ಎಲ್ ಎರಡನ್ನೂ ಬಳಸಬಾರದು ಎನ್ನುವುದೂ ಇದಕ್ಕಾಗಿಯೇ.

ಗೇರ್ ಹಾಕಿದರೂ ಗಾಡಿ ಕದಲದಿದ್ದರೆ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿ ನಿಂತಿರಬಹುದು. ಥಾರ್‌ನ ಲಿವರಿನಲ್ಲಿ 4ಎಚ್‌ಗೂ 4ಎಲ್‌ಗೂ ನಡುವೆ ಎನ್ ಇದೆ. ಅಲ್ಲಿ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧ ಕಡಿದಿರುತ್ತದೆ. ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸಿದ ಗಾಡಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಟ್ಟದ್ದೂ ಸಹ, ಉರುಳಿಹೋಗಬಹುದು. ಲೋಗೆ ಹಾಕುವಾಗ ಗಾಡಿಯನ್ನು ನಿಲ್ಲಿಸಿ, ಕ್ಲಚ್ ಪೂರ್ತಿ ಒತ್ತಿ ಲಿವರನ್ನು ಕೊನೆಯವರೆಗೂ ತಳ್ಳಬೇಕು; ಹಲ್ಲು ಹೊಂದದಿದ್ದರೆ ತುಸು ಮುಂದಕ್ಕೋ ಹಿಂದಕ್ಕೋ ಸರಿಸಿ ಮತ್ತೆ ಪ್ರಯತ್ನಿಸಬೇಕು. ಆಟೊಮ್ಯಾಟಿಕ್ ಗಾಡಿಯನ್ನು ಇದಕ್ಕೆ ಮೊದಲು ನ್ಯೂಟ್ರಲ್‌ಗೆ ತರಬೇಕು, ಬ್ರೇಕ್ ಮೇಲಿನ ಕಾಲು ತೆಗೆಯಬಾರದು.

ಹೈಗೆ ಮರಳಿದ್ದೂ ಅದೇ ಲೆಕ್ಕದಿಂದ ಖಚಿತವಾಗುತ್ತದೆ. 2.5ರ ಲೋನಲ್ಲಿ ಮರೆತು ಹೆದ್ದಾರಿಗೆ ಬಂದರೆ, ಹೈನಲ್ಲಿ 100 ಕಿಲೋಮೀಟರ್ ವೇಗಕ್ಕೆ ತಿರುಗುವಷ್ಟು ಎಂಜಿನ್ ಅದೇ ಗೇರಿನಲ್ಲಿ 40ಕ್ಕೇ ತಿರುಗುತ್ತಿರುತ್ತದೆ.